ಗಾಯದ ಸೊಪ್ಪು ಹುಡುಕಿಕೊಂಡು ಭದ್ರಾವತಿಗೆ

ಬಸ್ಸು ಶಿವಮೊಗ್ಗ ಬಿಟ್ಟಾಗ ಬಿಸಿಲು ಆಗಲೇ ಏರಿತ್ತು. ಭದ್ರಾವತಿಗೆ ಹನ್ನೆರಡು ಮೈಲಿ, ಟಿಕೆಟ್ಟು ಆರಾಣೆ. ಅಲ್ಲಿನ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ಕೈ ಕುಯ್ದುಕೊಂಡವರು ಯಾವುದೋ ಸೊಪ್ಪಿನ ರಸ ಹಿಂಡಿಕೊಂಡು ಮರುದಿನವೇ ಕೆಲಸಕ್ಕೆ ಬರುತ್ತಾರೆಂಬ ಸುದ್ದಿ ನಮ್ಮ ಪತ್ರಿಕೆಗೆ ಬಂದಿತ್ತು. ನಾನು ನಂಬಿರಲಿಲ್ಲ. ಇಂಥ ಸುದ್ದಿಯ ಹಿಂದೆ ಸಾಮಾನ್ಯವಾಗಿ ಶೀಸೆಯಲ್ಲಿ ತೈಲ ಮಾರುವವನೊಬ್ಬ ಇರುತ್ತಾನೆ.

ಹೊರಡುವ ಮುಂಚೆ ಶಿವಮೊಗ್ಗದ ಕೋಟೆ ಬೀದಿಯಲ್ಲಿ ನಾಟಿ ಔಷಧಿ ಮಾರುವ ರುದ್ರಪ್ಪನವರನ್ನು ವಿಚಾರಿಸಿದ್ದೆ.

"ಬೇಲಿ ಬದೀಲಿ ಪುಕ್ಕಟೆ ಬೆಳೆಯೋದನ್ನ ಯಾರು ಕೊಳ್ತಾರೆ ಮಾರಾಯ್ರೇ? ರಕ್ತ ನಿಲ್ಲತ್ತೆ ಅಂತಾರೆ. ಒಂದೇ ರಾತ್ರೀಲಿ ಮಾಯ್ದ್ರೆ ಅದು ಗಾಯವಲ್ಲ, ಗೀರು."

ಮಿಲ್ಲಿನ ಎದುರಿನ ಹೋಟೆಲಿನಲ್ಲಿ ಕೂಲಿಯವರು ಇಡ್ಲಿ ತಿನ್ನುತ್ತಿದ್ದರು. ಅವರಲ್ಲಿ ಇಬ್ರಾಹಿಂ ಸಾಬರು ಎಂಬೊಬ್ಬರು ಎಡಗೈಯಲ್ಲಿ ತಿನ್ನುತ್ತಿದ್ದರು. ಬಲಗೈ ಮುಷ್ಟಿ ಬಿಗಿದಿತ್ತು. ಪತ್ರಿಕೆಯವನೆಂದು ಹೇಳಿಕೊಂಡು ಸೊಪ್ಪಿನ ವಿಷಯ ಕೇಳಿದೆ; ಹಚ್ಚಿದ ಗಾಯ ಆಗಲೇ ಮಾಯ್ದಿದೆ ಎಂದರು.

"ಮಾಯ್ದಿದ್ರೆ ತೋರಿಸಿ," ಎಂದೆ.

"ಮಾಯ್ದೋಯ್ತು ಸ್ವಾಮಿ."

"ಮತ್ತೆ ಮುಷ್ಟಿ ಯಾಕೆ?"

ಅವರು ಸುತ್ತ ನೋಡಿ ಕೈ ಬಿಚ್ಚಿದರು. ಅಂಗೈಯಲ್ಲಿ ಒಣಗಿದ ಕಡುಹಸಿರು ರಸ, ಅದಕ್ಕಂಟಿದ ಮರದ ಹೊಟ್ಟು. ನಡುವೆ ಹಲಗೆಯ ಸಿಗುರು ಸೀಳಿದ ಗೆರೆ ಇನ್ನೂ ಬಾಯಿಬಿಟ್ಟಿತ್ತು.

"ಆಸ್ಪತ್ರೆಗೆ ಹೋದ್ರೆ ಬಿಳೀ ಪಟ್ಟಿ ಕಟ್ತಾರೆ. ಪಟ್ಟಿ ಕಂಡ್ರೆ ಮೇಸ್ತ್ರಿ ಒಳಗೆ ಬಿಡಲ್ಲ. ನಾಳೆ ನನ್ನ ಜಾಗದಲ್ಲಿ ಬೇರೆಯವನಿರ್ತಾನೆ. ಸೊಪ್ಪಾದ್ರೆ ಕೊಳೆ ಅಂದ್ಕೋತಾನೆ."

ಸೊಪ್ಪಿನ ಖ್ಯಾತಿಯ ಮೂಲ ಅದಾಗಿತ್ತು. ಆದರೆ ಪತ್ರಿಕೆಯವನು ಬಂದ ಸುದ್ದಿ ನನಗಿಂತ ಮುಂಚೆ ಗೇಟು ಮುಟ್ಟಿತ್ತು; ಮೇಸ್ತ್ರಿ ಎಲ್ಲರ ಕೈ ನೋಡುತ್ತಾನಂತೆ ಎಂದು ಯಾರೋ ಬಂದು ಹೇಳಿದರು. ಅದನ್ನು ಕೇಳಿದ ಮುರುಗ ಎಂಬ ಜೊತೆಗಾರ ಇಡ್ಲಿ ಬಿಟ್ಟು ಸೊಪ್ಪಿದ್ದ ಬೇಲಿಯತ್ತ ಓಡಿದ, ಮಿಕ್ಕವರೂ ಎದ್ದರು.

ಬಿಡುವು ಮುಗಿದು ಕೆಲಸದ ಗಂಟೆಯಾದಾಗ ಮೇಸ್ತ್ರಿ ಗೇಟಿಗೆ ಅಡ್ಡ ನಿಂತಿದ್ದ. "ಯಾರ ಕೈ ಕುಯ್ದಿರೋದು? ಎಲ್ಲಾ ಅಂಗೈ ತೋರ್ಸಿ!"

ಸಾಲಾಗಿ ಕೈಗಳು ಚಾಚಿಕೊಂಡವು. ಅಷ್ಟೂ ಹಸಿರು, ಅಷ್ಟಕ್ಕೂ ಹೊಟ್ಟು; ಗಾಯ ಯಾವುದರಲ್ಲೆಂದು ತಿಳಿಯುವಂತಿರಲಿಲ್ಲ.

"ಏನ್ರೋ ಇದು, ಮೆಹಂದಿನಾ?"

"ನಿಮ್ ಮದ್ವೆಗೇ ಮೇಸ್ತ್ರಿ," ಎಂದ ಮುರುಗ.

ಮೇಸ್ತ್ರಿ ನಗಲಿಲ್ಲ. ನನ್ನತ್ತ ತಿರುಗಿದ. "ನೀವು ನೋಡಿದ್ರಲ್ಲ ಸಾರ್, ಯಾರು?"

"ಗಾಯ ಮಾಯುತ್ತೋ ಇಲ್ಲವೋ ನೋಡೋಕೆ ಬಂದೆ. ಹೆಸರು ಬರ್ಕೊಳ್ಳೋಕಲ್ಲ," ಎಂದೆ.

ಅವನು ದಾರಿ ಬಿಟ್ಟ. ಸೊಪ್ಪಿನ ಮೇಲಿನ ನನ್ನ ಅನುಮಾನ ಹೋಗಲಿಲ್ಲ. ಸಂಜೆ ಆಸ್ಪತ್ರೆಗೆ ಹೋಗಿ ಎಂದು ಇಬ್ರಾಹಿಂ ಸಾಬರಿಗೆ ಹೇಳಿದೆ. ಅವರು ಗೇಟಿನೊಳಕ್ಕೆ ನಡೆದರು. ಬಸ್ಸು ಹತ್ತುವಾಗ ತಿರುಗಿ ನೋಡಿದೆ. ಗರಗಸ ಶುರುವಾಗಿತ್ತು. ದಿಮ್ಮಿಯ ಭಾರದ ತುದಿಗೆ ಮುರುಗ ಹೆಗಲು ಕೊಟ್ಟಿದ್ದ. ಹಗುರವಾದ ಇನ್ನೊಂದು ತುದಿಯನ್ನು ಸಾಬರು ಹಿಡಿದಿದ್ದರು, ಎಡಗೈಯಲ್ಲಿ.