ಹಗ್ಗವೀರನ ಕೈ

ಹುಣಸೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ನಂಜಣ್ಣನಿಗೆ ಇನ್ನೊಂದು ಕಸುಬೂ ಇತ್ತು. ಮೈಸೂರಿನ ಒಂದು ಮಕ್ಕಳ ಮಾಸಪತ್ರಿಕೆಗೆ ತಿಂಗಳು ತಿಂಗಳೂ ಚಿತ್ರಕಥೆ ಬರೆದು ಕಳಿಸುತ್ತಿದ್ದ. ಕಥೆಯಲ್ಲಿ ಇಬ್ಬರು ಹುಡುಗರು. ಜೇನುವೀರ ಎಂಥ ಮರವನ್ನಾದರೂ ಹತ್ತುವವನು, ಹೆಜ್ಜೇನೂ ಅವನನ್ನು ಮುಟ್ಟದು. ಹಗ್ಗವೀರನ ಶಕ್ತಿಯೆಲ್ಲ ಕೈಯಲ್ಲಿ. ಆನೆ ಎಳೆದರೂ ಹಿಡಿದ ಹಗ್ಗ ಬಿಡುವವನಲ್ಲ. ಈ ಹಗ್ಗವೀರನಿಗೆ ನಂಜಣ್ಣ ತನ್ನದೇ ಗುಂಗುರು ಕೂದಲು ಇಟ್ಟಿದ್ದ. ನಾಚಿಕೆಗೆಟ್ಟವನು ಅಂತ ನೀವು ಬೈದರೆ ಅವನಿಗೇನೂ ಹೊಸದಲ್ಲ, ದಿನಾ ತನ್ನನ್ನು ತಾನೇ ಹಾಗೆ ಬೈದುಕೊಳ್ಳುತ್ತಿದ್ದ.

ಯಾಕೆಂದರೆ ಜೇನುವೀರ ಅಂದರೆ ಕರಿಯ. ನಂಜಣ್ಣನ ಅಪ್ಪ ಅಂತರಸಂತೆಯಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದಾಗ ಅಲ್ಲಿನ ಕಾಡುಜನರ ಹಾಡಿಯ ಕರಿಯನೇ ಇವನ ಜೊತೆಗಾರ. ಆ ಹಾಡಿಯಲ್ಲಿ ಜೇನಿಗೆ ಹತ್ತಿದವನ ಹಗ್ಗವನ್ನು ಕೆಳಗೆ ನಿಂತು ಹಿಡಿಯುವವನು ಹೆಂಡತಿಯ ಅಣ್ಣನೇ ಆಗಬೇಕು. ತಂಗಿಯ ಗಂಡನನ್ನು ಅವನು ಸತ್ತರೂ ಕೈಬಿಡುವುದಿಲ್ಲ ಎಂಬ ನಂಬಿಕೆ. ಕರಿಯ ಮದುವೆಯಾದ ವರ್ಷ ಆ ಅಣ್ಣ ಜ್ವರ ಬಂದು ಮಲಗಿದ್ದ.

"ಇವತ್ತು ನೀನೇ ನನ್ ಭಾವ ಕಣ್ಲಾ" ಎಂದು ಕರಿಯ ಹಗ್ಗದ ತುದಿಯನ್ನು ನಂಜಣ್ಣನ ಕೈಗೆ ಕೊಟ್ಟು ಮತ್ತಿಮರ ಹತ್ತಿದ. ಎರಡೇ ಎರಡು ಹುಳ ನಂಜಣ್ಣನ ಕತ್ತಿಗೆ ಕಚ್ಚಿದವು. ಅವನು ಹಗ್ಗ ಬಿಟ್ಟು ಓಡಿದ. ಮೇಲಿಂದ ಬಿದ್ದ ಕರಿಯನ ಎಡಗಾಲು ಮತ್ತೆ ನೆಟ್ಟಗಾಗಲಿಲ್ಲ.

ಹಾಡಿಯವರು ಯಾರೂ ನಂಜಣ್ಣನನ್ನು ಒಂದು ಮಾತು ಕೇಳಲಿಲ್ಲ. ಹದಿನಾಲ್ಕು ವರ್ಷ ಅದನ್ನು ತನ್ನ ಅದೃಷ್ಟ ಅಂದುಕೊಂಡೇ ಕಾಲ ತಳ್ಳಿದ. ಎಲ್ಲಾದರೂ ಸಿಕ್ಕರೆ ಕರಿಯ "ಏನ್ ಭಾವ" ಅನ್ನುತ್ತಿದ್ದ. ಅವನ ಮಗಳು ಬೆಳ್ಳಿ "ಮಾವ" ಅನ್ನುತ್ತಿದ್ದಳು. ಆ ಎರಡು ಮಾತು ಕಿವಿಗೆ ಬಿದ್ದ ದಿನ ನಂಜಣ್ಣನಿಗೆ ಅನ್ನ ಸೇರುತ್ತಿರಲಿಲ್ಲ.

ಎಪ್ಪತ್ತೆರಡರ ವಾರ್ಷಿಕ ಸಂಚಿಕೆಗೆ ಸಂಪಾದಕರು ಕಾಗದ ಬರೆದರು: ಹುಡುಗರಿಬ್ಬರೂ ಮುಂದಿನ ಕಾಲಕ್ಕೆ ಹೋಗಿ ವಯಸ್ಸಾದ ತಮ್ಮನ್ನೇ ಭೇಟಿಯಾಗಲಿ. ನಂಜಣ್ಣ ಮುದಿ ಜೇನುವೀರನನ್ನು ಬರೆಯಹೋದರೆ ಕೈ ತಾನಾಗಿ ಕುಂಟುಕಾಲನ್ನೇ ಬರೆಯಿತು. "ನಮ್ಮ ಕಾಲಿಗೆ ಏನಾಯಿತು?" ಎಂದು ಚಿಕ್ಕ ಜೇನುವೀರ ಕೇಳುತ್ತಾನೆ. ಉತ್ತರ ಬರೆಯಬೇಕಾದ ಮಾತಿನ ಗುಳ್ಳೆ ಮೂರು ದಿನ ಖಾಲಿ ಕೂತಿತ್ತು. ನಿಜ ಬರೆಯಲು ಅವನಿಗೆ ಎದೆಯಿರಲಿಲ್ಲ. ಕೊನೆಗೆ "ರಾಕ್ಷಸ ಹಗ್ಗ ಕತ್ತರಿಸಿದ" ಎಂದು ತುಂಬಿದ. ಪಕ್ಕದಲ್ಲಿ ಮುದಿ ಹಗ್ಗವೀರ, ನರೆತ ಗುಂಗುರು ಕೂದಲು ಬಿಟ್ಟುಕೊಂಡು, ಬಲು ಗಂಭೀರವಾಗಿ ನಿಂತಿದ್ದ. ಥೂ, ಆ ಗಾಂಭೀರ್ಯಕ್ಕಿಷ್ಟು!

ಸಂಚಿಕೆ ಬಂದ ತಿಂಗಳೇ ಅಂತರಸಂತೆಯ ಬಟ್ಟೆ ಅಂಗಡಿಯೊಂದಕ್ಕೆ ಬೋರ್ಡು ಬರೆಯುವ ಕೆಲಸ ಬಂತು. ಸಂತೆಯ ದಿನ. ಏಣಿಯ ಕೆಳಗೆ ಬೆಳ್ಳಿ ಪತ್ರಿಕೆ ಎತ್ತಿಹಿಡಿದುಕೊಂಡು ನಿಂತಳು. ಹಿಂದೆಯೇ ಕರಿಯ ಕಾಲೆಳೆಯುತ್ತ ಬಂದ.

"ಮಾವ, ಇದ್ನ ಬರ್ದಿರೋದು ನೀವೇ ಅಂತ ಮೇಷ್ಟ್ರು ಏಳಿದ್ರು! ಈ ಅಜ್ಜನ ಕಾಲು ಅಪ್ಪನ ಕಾಲಿನಂಗೇ ಐತೆ. ಆದ್ರೆ ಅಪ್ಪ ಬೇರೆ ಏಳ್ತದೆ."

"ಏನು ಹೇಳ್ತಾನವ್ವ?" ನಂಜಣ್ಣ ಏಣಿ ಇಳಿದ.

"ತಾನು ಅಗ್ಗನ ಸರ್ಯಾಗಿ ಒಸ್ದಿರ್ನಿಲ್ವಂತೆ, ಅದ್ಕೇ ಕಿತ್ತೋಯ್ತಂತೆ. ಅವತ್ತಿಂದ ಅಪ್ಪ ಒಸ್ದ ಅಗ್ಗನ ಆಡೀಲಿ ಯಾರೂ ಮುಟ್ಟಾಕಿಲ್ಲ. ಯಾವ್ದು ದಿಟ ಮಾವ?"

"ಕತೆ ಕಣವ್ವ ಅದು, ಬುಡು" ಎಂದ ಕರಿಯ ನೆಲ ನೋಡುತ್ತ.

ತನ್ನ ಅದೃಷ್ಟ ಅಂದರೆ ಏನು ಅಂತ ನಂಜಣ್ಣನಿಗೆ ಆಗ ತಿಳಿಯಿತು. ಮರ ಹತ್ತಲಾರದ ಕರಿಯನಿಗೆ ಉಳಿದಿದ್ದುದು ಹಗ್ಗ ಹೊಸೆಯುವ ಕಸುಬೊಂದೇ. ಆ ಕಸುಬಿನ ಹೆಸರನ್ನೂ ಇವನಿಗಾಗಿ ಕೆಡಿಸಿಕೊಂಡು, ಹದಿನಾಲ್ಕು ವರ್ಷ ಭಾವ ಅನ್ನುತ್ತಲೇ ಬಂದಿದ್ದ. ನಂಜಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವನು ಬೆಳ್ಳಿಯ ಕೈಯಿಂದ ಪತ್ರಿಕೆ ಇಸಿದುಕೊಂಡ. ಬೋರ್ಡಿನ ಬಿಳಿ ಬಣ್ಣವನ್ನು ಆ ಗುಳ್ಳೆಯ ಮೇಲೆ ಬಳಿದ. ಒಣಗುವ ತನಕ ಕಾದರೆ ಧೈರ್ಯ ಹೋದೀತೆಂದು ಹಸಿಯ ಮೇಲೆಯೇ ಕಪ್ಪಿನಲ್ಲಿ ಬರೆದು ವಾಪಸ್ಸು ಕೊಟ್ಟ. ಬೆಳ್ಳಿ ಅಕ್ಷರ ಕೂಡಿಸಿ, ಸಂತೆಗೆಲ್ಲ ಕೇಳುವಂತೆ ಓದಿದಳು: "ಅಗ್ಗ... ಇಡಿದವನು... ಬಿಟ್ಟು... ಓಡಿದ."

"ಯಾರು ಇಡ್ದಿದ್ದು?"

"ನಾನು ಕಣವ್ವ" ಎಂದ ನಂಜಣ್ಣ.

"ಯಾಕ್ ಭಾವ, ಈಗ ಯಾಕ್ ಅದ್ನ ಏಳ್ದೆ" ಎಂದು ಕರಿಯ ಗೊಣಗಿದ.

ಬೆಳ್ಳಿ ಚಿತ್ರದ ಗುಂಗುರು ಕೂದಲನ್ನು ನೋಡಿದಳು. ನಂಜಣ್ಣನ ತಲೆಯನ್ನು ನೋಡಿದಳು. ಅಪ್ಪನ ಕಾಲನ್ನು ನೋಡಿದಳು. ಆಮೇಲೆ ಪತ್ರಿಕೆಯನ್ನು ನಂಜಣ್ಣನ ಕಡೆಗೆ ಚಾಚಿದಳು.

"ತಗೊಳ್ಳಿ ಸಾರ್" ಎಂದಳು.