ಎರಡು ವಾರದ ಪೂರ್ತಿ ಸಂಬಳ

ಲಂಡನ್ನಿಗೆ ಬಂದ ಒಂಬತ್ತನೇ ವರ್ಷ ನನ್ನ ಹೆಸರಿಗೆ ಕೋರ್ಟಿನಿಂದ ಒಂದು ಕಾಗದ ಬಂತು. ನಮ್ಮ ಮನೆಯಲ್ಲಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಲಕೋಟೆಯ ಮೇಲೆ ಜಲಜಾ ಎಂದು ತಪ್ಪಿಲ್ಲದೆ ಬರೆದಿರುವುದನ್ನು ಕಂಡೇ ಹೆದರಿ ಅದನ್ನು ಒಡೆಯದೆ ಇಟ್ಟೆ. ಇಂಗ್ಲಿಷ್ ಕಾಗದ ಏನೇ ಬರಲಿ, ಓದಿ ಹೇಳುವವಳು ತಂಗಿ ಸುಮಾ. ಅವಳು ಓದಿ ನಗತೊಡಗಿದಳು.

"ಹೆದ್ರ್‌ಬೇಡ ಮಾರಾಯ್ತಿ. ನಿನ್ನನ್ನ ಹಿಡ್ಕಂಡ್ ಹೋಪುಕಲ್ಲ. ಯಾರೋ ಒಬ್ಬ ತಪ್ಪ್ ಮಾಡಿದ್ನಾ ಇಲ್ಯಾ ಅಂತ ನೀ ಹೇಳ್ಕ್ ಅಂಬ್ರ್."

"ನಾನಾ? ಏಳನೇ ಕ್ಲಾಸ್ ಕಲ್ತವ್ಳಾ?"

"ಹೌದ್, ಜಡ್ಜಿನ ಎದ್ರಿಗೇ ಕೂಕಂಡ್. ಇನ್ನ್ ನಿನ್ನನ್ನ ಮಾತಾಡ್ಸುಕೆ ಆತ್ತಾ!"

ಇದಕ್ಕೆ ಇಲ್ಲಿ ಜ್ಯೂರಿ ಎನ್ನುತ್ತಾರೆ. ದೊಡ್ಡ ಕೇಸಿನಲ್ಲಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವವರು ಹನ್ನೆರಡು ಮಂದಿ ಸಾಮಾನ್ಯ ಜನ. ವೋಟರ್ ಪಟ್ಟಿಯಿಂದ ಹೆಸರು ಎತ್ತುತ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ನೆಲೆಸಿದ ನಮಗೆ ವೋಟಿದೆ, ಹಾಗಾಗಿ ಈ ಕರೆಯೂ ಬರುತ್ತದೆ. ನಮ್ಮ ಕುಂದಾಪುರದ ಕಡೆ ತಕರಾರಾದರೆ ಊರ ಹತ್ತು ಜನ ಸೇರುತ್ತಾರೆ, ಅಲ್ಲೂ ಬಗೆಹರಿಯದಿದ್ದರೆ ದೈವದ ಎದುರು ಹೇಳಿಕೊಳ್ಳುತ್ತೇವೆ. ಆ ಹತ್ತು ಜನಕ್ಕೆ ಎರಡೂ ಕಡೆಯವರ ಅಜ್ಜನ ಕಾಲದ ಸಂಗತಿಯೂ ಗೊತ್ತಿರುತ್ತದೆ. ಇಲ್ಲಿ ಯಾರನ್ನೂ ಅರಿಯದವರೇ ಬೇಕು. ಯಾರನ್ನೂ ಅರಿಯದೆ ಬದುಕುವುದರಲ್ಲಿ ನಾನು ಒಂಬತ್ತು ವರ್ಷ ಪಳಗಿದ್ದೆ. ನಮ್ಮ ಕೋಣೆ ವೆಂಬ್ಲಿಯ ಈಲಿಂಗ್ ರೋಡಿನಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಪಕ್ಕದ ಕೋಣೆಯವನ ಕೆಮ್ಮು ನನಗೆ ಗೊತ್ತು, ಮುಖ ಇವತ್ತಿಗೂ ಗೊತ್ತಿಲ್ಲ.

ನನ್ನ ಗಂಡ ಇಲ್ಲಿಯ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಅವರ ಹಿಂದೆ ನಾನು ಬಂದೆ. ಅವರು ತೀರಿಕೊಳ್ಳುವ ಮೊದಲು ನಮಗೆ ಖಾಯಂ ಇರುವ ಪರವಾನಗಿ ಸಿಕ್ಕಿತ್ತು. ಆಮೇಲೆ ಪಿನ್ನರಿನ ಒಂದು ಕೇರ್ ಹೋಮಿನಲ್ಲಿ, ಅಂದರೆ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯಲ್ಲಿ, ಕೆಲಸಕ್ಕೆ ಸೇರಿದೆ. ನನ್ನ ಇಂಗ್ಲಿಷ್ ಎಲ್ಲ ಅಲ್ಲಿಯ ಮುದುಕ ಮುದುಕಿಯರು ಕಲಿಸಿದ್ದು. ಮೊದಲ ದಿನ ಎಂಬತ್ತು ದಾಟಿದ ಅಜ್ಜನೊಬ್ಬ ನನ್ನನ್ನು ಡಾರ್ಲಿಂಗ್ ಎಂದಾಗ ಬಚ್ಚಲಿಗೆ ಹೋಗಿ ಅತ್ತಿದ್ದೆ. ಇಲ್ಲಿ ಬಸ್ಸಿನ ಡ್ರೈವರನೂ ಹಾಗೆಯೇ ಕರೆಯುತ್ತಾನೆಂದು ತಿಳಿಯಲು ತಿಂಗಳಾಯಿತು.

ಸುಮಾ ನರ್ಸಿಂಗ್ ಓದಿದವಳು. ಮೂರು ವರ್ಷದ ಹಿಂದೆ ಮ್ಯಾನೇಜರ್ ಲಿಂಡಾಳ ಬೆನ್ನು ಬಿದ್ದು ನಾನೇ ಅವಳನ್ನು ಕರೆಸಿಕೊಂಡೆ. ನನಗೂ ಅವಳಿಗೂ ಒಂದು ವ್ಯತ್ಯಾಸವಿತ್ತು. ನಾನು ಕೆಲಸ ಬಿಟ್ಟರೂ ಈ ದೇಶದಲ್ಲಿ ಇರಬಹುದು. ಸುಮಾಳ ವೀಸಾಕ್ಕೆ ಕೆಲಸ ಕೊಟ್ಟವರೇ ಹೊಣೆ. ಕೆಲಸ ಹೋದರೆ ಸರ್ಕಾರ ಕೊಡುವ ಅರವತ್ತು ದಿನದೊಳಗೆ ಅಂಥ ಹೊಣೆ ಹೊರುವ ಬೇರೆಯವರನ್ನು ಹುಡುಕಬೇಕು, ಇಲ್ಲವಾದರೆ ಹೊರಡಬೇಕು.

ಆ ಮನೆಯಲ್ಲಿ ನಮ್ಮಿಬ್ಬರದು ಒಂದೇ ಜೋಡಿ. ಎದ್ದು ಕೂರಲಾಗದವರನ್ನು ಜೋಲಿಯಲ್ಲಿ ಕೂರಿಸಿ ಎತ್ತುವ ಹಾಯ್ಸ್ಟ್ ಎಂಬ ಯಂತ್ರವಿದೆ. ಅದನ್ನು ಒಬ್ಬರೇ ಮುಟ್ಟಬಾರದು, ಇಬ್ಬರು ಇರಲೇಬೇಕು. ಮೇಲಿನ ಮಹಡಿಯವರನ್ನೆಲ್ಲ ನಾವಿಬ್ಬರೇ "ಒಂದ್, ಎರಡ್, ಹ್ಞಾಂ" ಎಂದು ಎತ್ತುತ್ತಿದ್ದೆವು. ಮೇರಿ ಎಂಬ ಅಜ್ಜಿ ನಮಗಿಂತ ಮೊದಲೇ "ಹ್ಞಾಂ" ಎಂದುಬಿಡುತ್ತಿದ್ದಳು.

ಆದರೆ ಹನ್ನೆರಡು ಗಂಟೆಯ ಪಾಳಿ, ಕೇಳಿದಾಗ ಸಿಗದ ರಜೆ, ನಿನ್ನ ವೀಸಾ ನನ್ನ ಕೈಯಲ್ಲಿದೆ ಎಂಬ ಲಿಂಡಾಳ ಮಾತು, ಇವನ್ನು ಸುಮಾ ತಡೆಯಲಾರದಾದಳು. ಹೌನ್ಸ್ಲೋದ ಇನ್ನೊಂದು ಕೇರ್ ಹೋಮ್ ಅವಳ ವೀಸಾಕ್ಕೆ ಹೊಣೆಯಾಗಲು ಒಪ್ಪಿತು. ನನ್ನನ್ನೂ ತೆಗೆದುಕೊಳ್ಳುತ್ತೇವೆ ಎಂದಿತು. ಅವರಿಗೆ ಬೇಕಾದದ್ದು ಲಿಂಡಾಳಿಂದ ರೆಫರೆನ್ಸ್, ಅಂದರೆ ಇವಳು ಒಳ್ಳೆಯ ಕೆಲಸಗಾರ್ತಿ ಎಂಬ ಪತ್ರ. ಅದು ತಿಂಗಳೊಳಗೆ ತಲುಪಬೇಕಿತ್ತು.

"ನಾನೊಬ್ಳೇ ಬಿಟ್ರೆ ಅವ್ಳು ಸತಾಯ್ಸ್ತಾಳೆ" ಎಂದಳು ಸುಮಾ. "ಇಬ್ರೂ ಒಂದೇ ದಿನ ರಾಜೀನಾಮೆ ಕೊಡುವ. ಮೇಲಿನ ಮಹಡಿಗೆ ಜನ ಇಲ್ಲದೆ ಆದ್ರೆ ಅವ್ಳು ನಮ್ಮ ಮಾತ್ ಕೇಳ್ಲೇ ಬೇಕ್. ರೆಫರೆನ್ಸ್ ಕೊಡು, ಬೇರೆ ಜನ ಸಿಕ್ಕುವಲ್ಲಿವರೆಗೆ ಇರ್ತೊ ಅನ್ನುವ."

ಎರಡು ರಾಜೀನಾಮೆ ಪತ್ರಗಳನ್ನೂ ಅವಳೇ ಬರೆದಳು. ನನ್ನದಕ್ಕೆ ನಾನು ಸಹಿ ಮಾಡಿದೆ. ಅಷ್ಟರಲ್ಲಿಯೇ ಕೋರ್ಟಿನ ಕರೆ ಬಂದದ್ದು. ಜ್ಯೂರಿ ಕೆಲಸವನ್ನು ಒಂದು ಸಲ ಮುಂದೂಡಲು ಕೇಳಬಹುದು. ಸುಮಾ ಕೇಳೋಣವೆಂದಳು, ನಾನೇ ಬೇಡವೆಂದೆ. ಯಾವ ಕಚೇರಿಯೂ ನನ್ನನ್ನು ಅದುವರೆಗೆ ಹೆಸರು ಹಿಡಿದು ಕರೆದಿರಲಿಲ್ಲ.

ಜ್ಯೂರಿಗೆ ಹೋದ ದಿನಗಳಿಗೆ ಸಂಬಳ ಕೊಡಲೇಬೇಕೆಂಬ ಕಾನೂನು ಇಲ್ಲಿಲ್ಲ. ಕೋರ್ಟು ಒಂದು ಮಿತಿಯವರೆಗೆ ನಷ್ಟ ತುಂಬಿಕೊಡುತ್ತದೆ, ಉಳಿದದ್ದು ಕೆಲಸ ಕೊಟ್ಟವರ ಇಷ್ಟ. ನಮ್ಮಲ್ಲಿ ಹೇಗೆಂದು ತಿಳಿಯಲು ಸಿಬ್ಬಂದಿಯ ನಿಯಮಗಳ ಪುಸ್ತಕದಿಂದ ಆ ಹಾಳೆಯ ನಕಲು ಪಡೆದೆ. ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಬೆರಳಿಟ್ಟು ಒಂದೊಂದೇ ಪದ ಓದಿದೆ. ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು. ಜ್ಯೂರಿಗೆ ಹೋದವರಿಗೆ ಪೂರ್ತಿ ಸಂಬಳ ಉಂಟು, ಆದರೆ ರಾಜೀನಾಮೆ ಕೊಟ್ಟವರಿಗೆ ಇಲ್ಲ ಎಂದಿತ್ತು. ಸುಮಾಳ ಸಹಾಯವಿಲ್ಲದೆ ನಾನು ಓದಿ ಅರ್ಥಮಾಡಿಕೊಂಡ ಮೊದಲ ಇಂಗ್ಲಿಷ್ ಕಾಗದ ಅದು. ಯಾರಿಗಾದರೂ ಹೇಳಿ ಹಿಗ್ಗಬೇಕಿತ್ತು. ನಾನು ಅದನ್ನು ಮಡಚಿ ಚೀಲದ ಒಳಜೇಬಿಗೆ ತುರುಕಿದೆ.

ಪತ್ರ ಕೊಡುವುದು ಶುಕ್ರವಾರ ಎಂದಾಗಿತ್ತು, ನನ್ನ ಎರಡು ವಾರದ ಜ್ಯೂರಿ ಶುರುವಾಗುವುದು ಸೋಮವಾರ. ಸುಮಾ ಬೆಳಿಗ್ಗೆಯೇ ತನ್ನದನ್ನು ಕೊಟ್ಟಳು. ಮಧ್ಯಾಹ್ನ ಲಿಂಡಾ ನನ್ನನ್ನು ಕರೆದಳು. ಮೇಜಿನ ಮೇಲೆ ಸುಮಾಳ ಪತ್ರವಿತ್ತು.

"ನಿನ್ನ ತಂಗಿ ಹೋಗುತ್ತಿದ್ದಾಳೆ. ನೀನೂ ಹೋಗುತ್ತೀಯಾ?"

"ಇಲ್ಲ" ಎಂದೆ.

ಒಂದೇ ಮಾತು. ನನ್ನ ರಾಜೀನಾಮೆಯ ಲಕೋಟೆ ಚೀಲದಲ್ಲೇ ಇತ್ತು. ಹೊರಗೆ ಮೆಟ್ಟಿಲಿನ ಹತ್ತಿರ ಸುಮಾ ಕಾಯುತ್ತಿದ್ದಳು.

"ಕೊಟ್ಯಾ?"

"ಕೊಟ್ಟೆ."

ಬಾಡಿಗೆಗೆ ಹೆದರಿದೆ ಎಂದು ಬರೆದರೆ ಊರಿನಲ್ಲಿರುವ ನೀವು ನಂಬುವಿರಿ. ಆದರೆ ಅರ್ಧ ಬಾಡಿಗೆ ಕೊಡುತ್ತಿದ್ದವಳು ಸುಮಾ. ಹದಿನೈದು ದಿನದಲ್ಲಿ ಎಂಥ ವ್ಯತ್ಯಾಸವಾದೀತು, ಕೋರ್ಟ್ ಮುಗಿಸಿ ಬಂದ ಮೇಲೆ ಪತ್ರ ಕೊಟ್ಟರಾಯಿತು ಎಂದುಕೊಂಡೆ. ಹೇಳಿದ್ದರೆ ಅವಳು ಮುಖ ನೋಡುತ್ತಿದ್ದಳು, ಅಕ್ಕನಿಗೆ ಇಷ್ಟು ಆಸೆಯೇ ಎಂದು. ಆ ಒಂದು ನೋಟ ತಪ್ಪಿಸಿಕೊಳ್ಳಲು ಸುಳ್ಳು ಹೇಳಿದೆ.

ಸೋಮವಾರ ಕೋರ್ಟಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಭಗವದ್ಗೀತೆಯನ್ನು ಪ್ರಮಾಣಕ್ಕೆಂದು ಕೈಗೆ ಕೊಟ್ಟರು. ಸಾಕ್ಷ್ಯ ನೋಡಿ ನಿಜವಾದ ತೀರ್ಪು ಕೊಡುತ್ತೇನೆಂದು ಕಾರ್ಡು ನೋಡಿ ಓದಿದೆ. ಎಲ್ಲೂ ತಡವರಿಸಲಿಲ್ಲ. ಆ ಕೇಸು ಏನು, ಒಳಗೆ ಯಾರು ಏನೆಂದರು ಎಂಬುದನ್ನು ಹೇಳಬಾರದೆಂದು ಕಾನೂನಿದೆ, ಹೇಳುವುದಿಲ್ಲ. ಸಾಕ್ಷಿಯ ಕಟಕಟೆಯಲ್ಲಿ ನಿಂತವರು ಬಾಯಿ ತೆರೆದಾಗಲೆಲ್ಲ ನಾನು ಅವರ ಮುಖದಲ್ಲಿ ಸುಳ್ಳನ್ನು ಹುಡುಕುತ್ತಿದ್ದೆ. ಶುಕ್ರವಾರ ನನ್ನ ಮುಖದಲ್ಲಿ ಸುಮಾಳಿಗೆ ಏನೂ ಕಂಡಿರಲಿಲ್ಲ.

ಗುರುವಾರ ಸಂಜೆ ವೆಂಬ್ಲಿ ಪಾರ್ಕ್ ಸ್ಟೇಷನ್ನಿನ ಹೊರಗೆ ಸುಮಾ ನಿಂತಿದ್ದಳು. ಯೂನಿಫಾರಂ ಬದಲಿಸಿರಲಿಲ್ಲ.

"ರೆಫರೆನ್ಸ್ ಕೇಂಡ್ರೆ ಲಿಂಡಾ ನಗಾಡಿದ್ಳ್. ನಿನ್ನಕ್ಕ ಇಲ್ಲೇ ಇರ್ತಾಳಲ್ಲ, ನಂಗೆಂತ ಅರ್ಜೆಂಟ್ ಅಂದ್ಳ್."

ನಾನು ಚೀಲದ ಜಿಪ್ ಎಳೆದು ಮುಚ್ಚಿದೆ.

"ನಾ ಕೇಂಡಾಗ ಕೊಟ್ಟೆ ಅಂದ್ಯಲ್ಲೆ ಅಕ್ಕ."

"ಕೋರ್ಟ್ ಮುಗಿಲಿ ಸುಮಾ, ಕೂಡ್ಲೇ ಕೊಡ್ತೆ. ಈಗ ಕೊಟ್ರೆ ಪೂರ್ತಿ ಸಂಬಳ ಇಲ್ಲ ಅಂತ..."

"ಸಂಬಳಕ್ಕಾ?" ಅವಳ ದನಿ ಏರಲಿಲ್ಲ. "ಬಾಯ್ಬಿಟ್ಟ್ ಹೇಳಿದ್ರೆ ಆ ದುಡ್ಡ್ ನಾನೇ ಕೊಡ್ತಿದ್ದೆ ಅಲ್ದಾ?"

ಜನ ನಮ್ಮನ್ನು ಬಳಸಿ ಹೋಗುತ್ತಿದ್ದರು. ಇಬ್ಬರು ಹೆಂಗಸರು ದಾರಿಯಲ್ಲಿ ಅಳುತ್ತಾ ನಿಂತಿದ್ದರೆ ಊರಿನಲ್ಲಿ ಯಾರಾದರೂ ಬಂದು ಎಂಥದ್ದೆಂದು ಕೇಳುತ್ತಿದ್ದರು. ಇಲ್ಲಿ ಕೇಳದಿರುವುದೇ ಮರ್ಯಾದೆ. ಅವತ್ತು ಆ ಮರ್ಯಾದೆ ನನಗೆ ಬೇಕಾಗಿತ್ತು.

ಮರುದಿನವೇ ಪತ್ರ ಕೊಡಬಹುದಿತ್ತು. ಕೊಡಲಿಲ್ಲ. ಇನ್ನೊಂದೇ ವಾರ ಎಂದುಕೊಂಡೆ. ಜ್ಯೂರಿ ಮುಗಿಸಿ ಮರಳುವಷ್ಟರಲ್ಲಿ ಲಿಂಡಾ ಮೇಲಿನ ಮಹಡಿಗೆ ಹೊಸ ಹುಡುಗಿಯೊಬ್ಬಳನ್ನು ನನ್ನ ಜೋಡಿಯಾಗಿ ಹಾಕಿದ್ದಳು. ಸುಮಾಳ ಪಾಳಿಗಳನ್ನು ಕಡಿತ ಮಾಡಿದ್ದಳು. ನಾನು ಪತ್ರ ಹಿಡಿದು ಹೋದೆ, ರೆಫರೆನ್ಸ್ ಕೊಡು ಎಂದು ಬೇಡಿಕೊಂಡೆ. ಇನ್ನು ನೀನು ಹೋದರೂ ಹೊಂದಿಸಿಕೊಳ್ಳುತ್ತೇನೆ ಎಂದಳು, ತಲೆ ಎತ್ತದೆ. ಪತ್ರವನ್ನು ಹಾಗೆಯೇ ವಾಪಸು ತಂದೆ. ಲಿಂಡಾ ರೆಫರೆನ್ಸ್ ಕಳಿಸಿದಳು, ತಿಂಗಳು ಕಳೆದ ಮೇಲೆ. ಹೌನ್ಸ್ಲೋದವರು ಬೇರೆಯವರನ್ನು ತೆಗೆದುಕೊಂಡಾಗಿತ್ತು. ಅರವತ್ತು ದಿನ ಸುಮಾ ಕಂಡಕಂಡಲ್ಲಿ ಅರ್ಜಿ ಹಾಕಿದಳು. ಅವಳು ಸ್ಕ್ರೀನ್ ನೋಡುತ್ತಾ ಕೂತಿರುತ್ತಿದ್ದಳು, ನಾನು ಕುಚ್ಚಲಕ್ಕಿ ಗಂಜಿ ಮಾಡಿ ಪಕ್ಕದಲ್ಲಿ ಇಡುತ್ತಿದ್ದೆ. ಉಣ್ಣುತ್ತಿದ್ದಳು, ತಟ್ಟೆ ತೊಳೆದಿಟ್ಟು ಮತ್ತೆ ಸ್ಕ್ರೀನಿಗೆ ಮರಳುತ್ತಿದ್ದಳು. ಹೊರಡುವ ದಿನ ಹೀಥ್ರೋ ವಿಮಾನ ನಿಲ್ದಾಣಕ್ಕೆ ಬರಬೇಡ ಎಂದಳು. ಹೋಗಲಿಲ್ಲ.

ಪೂರ್ತಿ ಸಂಬಳ ಬಂತು. ಅದನ್ನು ಅವಳ ಟಿಕೆಟಿಗೆ ಕೊಟ್ಟೆ.

ಈಗ ಅವಳು ಕುಂದಾಪುರದ ನರ್ಸಿಂಗ್ ಹೋಮಿನಲ್ಲಿದ್ದಾಳೆ. ಲಂಡನ್ನಿನ ಚಳಿ ತಡೆಯದೆ ಓಡಿ ಬಂದವಳು ಎಂದು ಊರವರೆಲ್ಲ ನೀವು ಅವಳನ್ನು ನೋಡಿ ನಗಾಡುತ್ತೀರಂತೆ. ಅಕ್ಕನಾದರೆ ಗಟ್ಟಿ, ನಿಂತಳು ಎನ್ನುತ್ತೀರಂತೆ. ಚಳಿಯ ಕಥೆ ಕಟ್ಟಿದವಳು ಅವಳೇ, ನನ್ನ ಮರ್ಯಾದೆಗಾಗಿ. ಅವಳಿಗೆ ಚಳಿ ನನಗಿಂತ ಚೆನ್ನಾಗಿ ಒಗ್ಗಿತ್ತು. ಇದನ್ನು ನಿಮಗೆ ತಿಳಿಸಲೆಂದೇ ಇಷ್ಟು ಬರೆದೆ.

ಈ ಸಲ ಅವಳನ್ನು ಕೇಳದೆ ಮಾಡಬಾರದೆಂದು ಕಳೆದ ಭಾನುವಾರ ಫೋನಿನಲ್ಲಿ ಇದನ್ನು ಪೂರ್ತಿ ಓದಿದೆ. ಆ ಕಡೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ಕಳಿಸ್ಲಾ?" ಎಂದೆ.

"ಕಳ್ಸ್."

"ಮೇ ತಿಂಗಳಲ್ಲಿ ರಜೆ ಸಿಕ್ಕುತ್ತೆ. ಬರ್ಲಾ?"

"ಈಗ್ಲೇ ಬೇಡ ಅಕ್ಕ. ನಾನೇ ಹೇಳ್ತೆ."

ಈ ದೇಶದಲ್ಲಿ ಎಷ್ಟು ಕಾಲ ಬೇಕಾದರೂ ಇರಬಹುದೆಂದು ಇಲ್ಲಿಯ ಸರ್ಕಾರ ನನಗೆ ಬರೆದುಕೊಟ್ಟಿದೆ. ನನ್ನ ಊರಿಗೆ ನಾನು ಯಾವಾಗ ಬರಬಹುದೆಂದು ಸುಮಾ ಇನ್ನೂ ಹೇಳಿಲ್ಲ.