ಉಪ್ಪಿನಕಾಯಿಯ ಉಪ್ಪು ರಸ್ತೆಪಾಲು

ನೋಡಿ ಸ್ನೇಹಿತರೇ, ನನ್ನ ಮಗಳು ಎಂಟು ತಿಂಗಳ ಬಸುರಿ. ಇವತ್ತು ತಪಾಸಣೆಗೆ ಆಸ್ಪತ್ರೆಗೆ ಹೋಗಲೇಬೇಕಿತ್ತು. ಈ ಪರದೇಶದ ಚಳಿಗೆ ಅವಳ ಮನೆ ಮುಂದಿನ ಇಳಿಜಾರಿನಲ್ಲಿ ಹಿಮ ಗಾಜಿನ ಹಾಗೆ ಗಟ್ಟಿಯಾಗಿತ್ತು. ಎಲ್ಲಿ ಜಾರಿಬಿಡುತ್ತಾಳೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅಳಿಯನಿಂದ ಊರಿನ ರಸ್ತೆ ನೋಡಿಕೊಳ್ಳುವ ಕೌನ್ಸಿಲ್‌ಗೆ ಫೋನ್ ಮಾಡಿಸಿದೆ.

“ನಮ್ ಬೀದಿ ಅವ್ರು ಹಿಮ ಕರಗ್ಸೋಕೆ ಉಪ್ಪು ಹಾಕೋ ಲಿಸ್ಟಲ್ಲಿ ಇಲ್ವಂತೆ ಅತ್ತೆ. ತಾನಾಗೇ ಕರಗುತ್ತಂತೆ.”

ಅಲ್ಲಿಯವರೆಗೆ ಡಾಕ್ಟರು ಕಾಯುತ್ತಾರೆಯೇ? ನಿಂಬೆ ಉಪ್ಪಿನಕಾಯಿಗೆ ಇಟ್ಟಿದ್ದ ಕಲ್ಲುಪ್ಪನ್ನೆಲ್ಲ ನಾನೇ ರಸ್ತೆಗೆ ಚೆಲ್ಲಿದೆ. “ಅಯ್ಯೋ ಅಮ್ಮಾ, ಪೂರ್ತಿ ಡಬ್ಬನೇ ಸುರಿದ್ಯಾ!” ಎಂದು ಬೈಯುತ್ತಲೇ ಮಗಳು ಜಾರದೆ ಕಾರು ಹತ್ತಿದಳು.

ಮಧ್ಯಾಹ್ನ ಕೌನ್ಸಿಲ್‌ನವನೊಬ್ಬ ಬಂದು, ಕರಗಿದ ರಸ್ತೆ ನೋಡಿ, “ಗ್ರ್ಯಾಂಡ್!” ಎಂದು ಇಲ್ಲಿಯವರ ಭಾಷೆಯಲ್ಲಿ ಭೇಷ್ ಹೇಳಿ ಫೋಟೋ ತೆಗೆದುಕೊಂಡು ಹೋದ. ಸಂಜೆ ಅಳಿಯನಿಗೆ ಮೆಸೇಜು: ನಿಮ್ಮ ದೂರನ್ನು ಪರಿಹರಿಸಿದ್ದೇವೆ.

ಹೆಚ್ಚಿಟ್ಟ ನಿಂಬೆಹಣ್ಣು ಉಪ್ಪಿಲ್ಲದೆ ಕೂತಿದೆ. ಅದಾದರೂ ಅವರ ಲಿಸ್ಟಿನಲ್ಲಿದೆಯೇ ಎಂದು ನಾಳೆ ಕೇಳಿಸಬೇಕು.